ಬ್ರೇಕು ಬಿಟ್ಟು ಕೈ ಮುಗಿದವನು

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೂ ಪರವಾಗಿಲ್ಲ. ನಮ್ಮ ಓಣಿಯಲ್ಲಿ ನನ್ನನ್ನು ನಂಬುವವರು ಒಬ್ಬರೂ ಇಲ್ಲ, ಅದರಿಂದ ನನಗೇನೂ ಊಟ ತಪ್ಪಿಲ್ಲ. ಆದರೂ ಹೇಳುತ್ತೇನೆ. ಹೋದ ವರ್ಷ ಮೆಣಸಿನಕಾಯಿ ಸುಗ್ಗಿಯಲ್ಲಿ, ಗಲ್ಫ್ ದೇಶದ ತೈಲಬಾವಿಯೊಂದರ ಆಪರೇಟರ್ ಹುದ್ದೆಗೆ ಬ್ಯಾಡಗಿಯ ನಮ್ಮ ಹಿತ್ತಲಲ್ಲಿ ತರಬೇತಿ ನಡೆಯಿತು. ಮುಖ್ಯ ಪರೀಕ್ಷಕ ನಾನು. ನನ್ನ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ ಪಾಸು, ಅದೂ ಗಣಿತದಲ್ಲಿ ದೇವರ ದಯೆಯಿಂದ.

ಅಭ್ಯರ್ಥಿ ನನ್ನ ಮಾಮಾ, ಅಂದರೆ ಅವ್ವನ ತಮ್ಮ. ರಾಣೆಬೆನ್ನೂರಿನವನು. ಹಾವೇರಿಯಲ್ಲಿ ಐಟಿಐ ಮುಗಿಸಿ, ಊರಿಗೆ ಬಂದು, ಒಂದು ವರ್ಕ್‌ಶಾಪಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತ ಕುಳಿತಿದ್ದ. ಬೇಸಿಗೆಯಲ್ಲಿ ಸುತ್ತಮುತ್ತಲಿನ ರೈತರ ಮೋಟಾರುಗಳೆಲ್ಲ ಮಾತಾಡಿಕೊಂಡಂತೆ ಒಂದೇ ವಾರದಲ್ಲಿ ಸುಡುತ್ತವೆ. ಹಾಗಾಗಿ ಅವನ ಬೆರಳುಗಳಿಗೆ ಸದಾ ವಾರ್ನಿಷ್ ವಾಸನೆ. ಒಂದು ದಿನ ಯಾರೋ ಏಜೆಂಟನ ಕೈಹಿಡಿದು ಗಲ್ಫಿಗೆ ಹಾರಿಬಿಟ್ಟ. ಹೊರಡುವ ದಿನ ಮನೆಯವರೆಲ್ಲ ಸೇರಿ ಅವನ ಕೊರಳಿಗೆ ಹಾವೇರಿಯ ಏಲಕ್ಕಿ ಹಾರ ಹಾಕಿದರು. ಮಂತ್ರಿಗಳಾದರೆ ಅದನ್ನು ತೆಗೆದು ಪಕ್ಕದವರ ಕೈಗೆ ಕೊಡುತ್ತಾರೆ. ಮಾಮಾ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದ. ಮರುಭೂಮಿಯ ಕ್ಯಾಂಪಿನಲ್ಲಿ ದಿನಕ್ಕೊಂದು ಏಲಕ್ಕಿ ಕಿತ್ತು ಚಹಾಕ್ಕೆ ಹಾಕಿದ. ಹಾರದಲ್ಲಿ ದಾರ ಮಾತ್ರ ಉಳಿದರೂ ಅವನು ಹೆಲ್ಪರನಾಗಿಯೇ ಇದ್ದ.

ರಜೆಯ ಮೇಲೆ ಬಂದಾಗಲೆಲ್ಲ ಜನ ಅವನಿಗೆ ಎರಡು ಪ್ರಶ್ನೆ ಕೇಳುತ್ತಿದ್ದರು. ಒಂದು, ಇಷ್ಟು ದಿನ ರಜೆ ಕೊಟ್ಟಿದ್ದಾರೆಂದರೆ ಕೆಲಸದಿಂದ ತೆಗೆದುಹಾಕಿದ್ದಾರೆಯೇ? ಎರಡು, ಎಣ್ಣೆ ಬಾವಿ ಎಂದರೆ ಅದು ಶೇಂಗಾ ಎಣ್ಣೆಯೋ, ಕುಸುಬಿ ಎಣ್ಣೆಯೋ? ಮೊದಮೊದಲು ಮಾಮಾ ತಾಳ್ಮೆಯಿಂದ ವಿವರಿಸುತ್ತಿದ್ದ. ಆಮೇಲೆ ಬೇಸತ್ತು, ಕುಸುಬಿ ಎಂದು ಹೇಳತೊಡಗಿದ. ಜನಕ್ಕೂ ಅದರಿಂದ ಸಮಾಧಾನವಾಯಿತು.

ನನಗೆ ಮಾತ್ರ ಅವನು ಎಲ್ಲವನ್ನೂ ಬಿಡಿಸಿ ಹೇಳಿದ್ದ. ಬಾವಿ ಕೊರೆಯುವವರೇ ಬೇರೆ. ಅವರು ಕೊರೆದು, ಫೋಟೋ ಹೊಡೆಸಿಕೊಂಡು ಹೋಗುತ್ತಾರೆ. ಆಮೇಲೆ ಬಾವಿಗೆ ಮಲಬದ್ಧತೆ ಆದರೆ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ, ಸರ್ವಿಸಿನವರು ಬರಬೇಕು, ಮಾಮಾ ಆ ಗುಂಪಿನವನು. ಇವರ ಲಾರಿಯ ಮೇಲೆ ಒಂದು ದೊಡ್ಡ ಉರುಳೆ. ಅದಕ್ಕೆ ಬ್ಯಾಡಗಿಯಿಂದ ಮೋಟೆಬೆನ್ನೂರು ಮುಟ್ಟುವಷ್ಟು ತೆಳ್ಳನೆಯ ತಂತಿ ಸುತ್ತಿರುತ್ತದೆ. ತಂತಿಯ ತುದಿಗೆ ಸಾಮಾನು ಕಟ್ಟಿ ಬಾವಿಯೊಳಗೆ ಇಳಿಸಿ, ಕೆರೆದು, ಎಳೆದು, ಕುಟ್ಟಿ ಮತ್ತೆ ಮೇಲೆ ತರುತ್ತಾರೆ. ಕೆಳಗೆ ನಡೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಲ್ಲಿನ ಏಣಿಯೂ ಮಜವಾಗಿದೆ. ಹೊಸದಾಗಿ ಸೇರಿದವನಿಗೆ ಹಸಿರು ಹೆಲ್ಮೆಟ್. ಇವನಿಗೆ ಏನೂ ಗೊತ್ತಿಲ್ಲ, ಸಾಯದ ಹಾಗೆ ನೋಡಿಕೊಳ್ಳಿ ಎಂದು ಅದರ ಅರ್ಥ. ಅವನು ಭಾರ ಹೊರಬೇಕು, ಗ್ರೀಸು ಹಚ್ಚಬೇಕು, ಮಸಿಯಾದ ಸಾಮಾನು ತೊಳೆಯಬೇಕು. ಸ್ವಲ್ಪ ಬುದ್ಧಿ ಬಂದ ಮೇಲೆ ಸಾಮಾನು ಜೋಡಿಸುವುದು, ಒತ್ತಡ ನೋಡುವುದು ಕಲಿಸುತ್ತಾರೆ. ಕೊಳೆತ ತತ್ತಿಯ ವಾಸನೆ ಬಂದರೆ ವಿಷದ ಗಾಳಿ ಎಂದು ತಿಳಿದು ಓಡಬೇಕು. ಇದ್ದ ವಾಸನೆ ಒಮ್ಮೆಲೇ ನಿಂತುಹೋದರೆ ಇನ್ನೂ ಜೋರಾಗಿ ಓಡಬೇಕು, ಮೂಗು ಸತ್ತಿದೆ, ಮುಂದಿನ ಸರದಿ ನಿನ್ನದು ಎಂದರ್ಥ. ಇಷ್ಟೆಲ್ಲ ದಾಟಿದವನು ಆಪರೇಟರ್. ಬಿಳಿ ಹೆಲ್ಮೆಟ್, ತಂಪು ಕ್ಯಾಬಿನ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕುಳಿತು ಒಂದು ಕೈ ಬ್ರೇಕಿನ ಮೇಲಿಟ್ಟು, ತೂಕದ ಮುಳ್ಳನ್ನೂ ಆಳದ ಮುಳ್ಳನ್ನೂ ನೋಡುತ್ತಿರಬೇಕು, ಅಷ್ಟೇ.

ಮಾಮಾ ಆ ಕುರ್ಚಿಯ ತನಕ ಹೋಗಿದ್ದ. ಪರೀಕ್ಷೆಯ ದಿನ ಕೆಲಸವೆಲ್ಲ ಬೆಣ್ಣೆಯಂತೆ ಸಾಗಿತ್ತು. ತಂತಿ ಮೇಲೆ ಬರುತ್ತಿತ್ತು. ಆಗ ಕ್ಯಾಬಿನ್ನಿನ ಬಾಗಿಲು ತೆರೆದು ಪರೀಕ್ಷಕ ಸಾಹೇಬರು ಒಳಗೆ ಬಂದರು. ನರೆಗೂದಲು, ದೊಡ್ಡ ಹೊಟ್ಟೆ, ಕಂಡರೆ ಯಾರದೋ ಅಜ್ಜನ ಹಾಗೆ. ರಾಣೆಬೆನ್ನೂರಿನ ಒಳ್ಳೆಯ ಮನೆತನದ ಹುಡುಗ ಏನು ಮಾಡಬೇಕೋ ಅದನ್ನೇ ಮಾಮಾ ಮಾಡಿದ. ಎದ್ದು ನಿಂತ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

ಎರಡೂ ಕೈ. ಬ್ರೇಕಿನ ಮೇಲೆ ಉಳಿದದ್ದು ದೇವರ ಕೈ ಮಾತ್ರ, ಅವರಿಗೆ ಆ ಕೆಲಸದ ಸರ್ಟಿಫಿಕೇಟು ಇರಲಿಲ್ಲ. ಉರುಳೆ ಗಿರಗಿರ ತಿರುಗಿ, ಸಾಮಾನು ಬಾವಿಯ ಹೊಟ್ಟೆಗೆ ಹೋಯಿತು. ಕುರ್ಚಿ ಸಿಕ್ಕ ಮೇಲೆ ಏಳಬಾರದು ಎಂಬ ವಿದ್ಯೆ ನಮ್ಮ ಪುಢಾರಿಗಳಿಗೆ ಹುಟ್ಟುತ್ತಲೇ ಬಂದಿರುತ್ತದೆ. ಮಾಮನಿಗೆ ಬಂದಿರಲಿಲ್ಲ.

ರಜೆ ಮುಗಿಸಿ ಹೋದ ಮೇಲೆ ಅವನಿಗೆ ಇನ್ನೊಂದೇ ಅವಕಾಶವಿತ್ತು. ಅದರಲ್ಲೂ ಬಿದ್ದರೆ ಹಸಿರು ಹೆಲ್ಮೆಟ್ ತಲೆಯ ಮೇಲಿಟ್ಟುಕೊಂಡೇ ಊರಿಗೆ ಬರಬೇಕು, ಮತ್ತೆ ವರ್ಕ್‌ಶಾಪು, ಮತ್ತೆ ಸುಟ್ಟ ಮೋಟಾರು, ಮತ್ತೆ ವಾರ್ನಿಷ್. ಇದನ್ನು ಹೇಳುವಾಗ ಮಾಮಾ ನಗುತ್ತಿದ್ದ. ಆದರೆ ಕೈಯಲ್ಲಿನ ಚಹಾ ಆರುತ್ತಿತ್ತು.

"ಕೆಲಸ ಎಲ್ಲಾ ಬರ್ತೈತಲೇ ನನಗ," ಎಂದ. "ದೊಡ್ಡೋರು ಬಂದ್ರ ಕಾಲು ತಾವ ಏಳತಾವ. ನಾ ಏನ ಮಾಡ್ಲಿ?"

ಕಾಲಿಗೆ ತರಬೇತಿ ಕೊಡಬೇಕು ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ.

ನಮ್ಮ ಹಿತ್ತಲಲ್ಲಿ ಒಂದು ಒಣ ಬೋರ್‌ವೆಲ್ ಇದೆ. ಅಪ್ಪ ಕೊರೆಸಿದಾಗ ನೀರು ಬರಲಿಲ್ಲ, ಬರೀ ಧೂಳು ಬಂತು. ಅದೀಗ ಅಷ್ಟೇನೂ ಆಳವಿಲ್ಲ, ಚಿಕ್ಕಂದಿನಲ್ಲಿ ಯಾರೋ ಒಬ್ಬ ಹುಡುಗ ಕಲ್ಲು ಹಾಕಿ ಹಾಕಿ ಅರ್ಧ ತುಂಬಿಸಿದ್ದಾನೆ. ಅದರ ಬಾಯಿಯ ಮೇಲಿನ ಹಾಸುಗಲ್ಲು ಸರಿಸಿ, ಮೂರು ಬಿದಿರು ನಿಲ್ಲಿಸಿ, ನೀರು ಸೇದುವ ಹಳೇ ಗಡಗಡಿ ಕಟ್ಟಿದೆವು. ಮುರಿದ ಚಕ್ಕಡಿಯ ಗಾಲಿ ಉರುಳೆಯಾಯಿತು. ಅದಕ್ಕೆ ಲಾರಿ ಟೈರಿನ ಪಟ್ಟಿ ಬಿಗಿದು, ಒಂದು ಕಟ್ಟಿಗೆ ಸಿಕ್ಕಿಸಿ, ಒತ್ತಿದರೆ ನಿಲ್ಲುವ ಬ್ರೇಕು ಮಾಡಿದ ಮಾಮಾ. ಗಾಲಿ ಜಾರದಂತೆ ಭದ್ರಪಡಿಸಲು ಒಂದು ಕಬ್ಬಿಣದ ಗೂಟವನ್ನೂ ಇಟ್ಟ. ತೂಕದ ಮುಳ್ಳಿಗೆ ಗುಜರಿಯವನ ಸ್ಪ್ರಿಂಗ್ ಕಾಟಾ ಕಡ ತಂದೆ. ಕುರ್ಚಿ ಅವ್ವನ ರೊಟ್ಟಿ ಬಡಿಯುವ ಮಣೆ. ಆಳದ ಮುಳ್ಳು ನಮ್ಮ ಅಜ್ಜಿ.

ಅಜ್ಜಿ ಅಪ್ಪನ ಅವ್ವ. ಕಣ್ಣಿಗೆ ಪೊರೆ ಬಂದಿದೆ, ಆದರೆ ಬೆರಳು ಚುರುಕು. ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದ್ದೆವು. ಹಗ್ಗ ಸರಿಯುವಾಗ ಅಜ್ಜಿ ಗಂಟು ಮುಟ್ಟಿ ಎಣಿಸಬೇಕು. ಕಾಳು ಅಳೆಯುವ ರೂಢಿ ಬಿಡದ ಅಜ್ಜಿ ಒಂದು ಎನ್ನಲೇ ಇಲ್ಲ. ಮೊದಲ ಗಂಟಿಗೆ ಲಾಭ ಎಂದಳು, ಆಮೇಲೆ ಎರಡು, ಮೂರು. ಜಗತ್ತಿನಲ್ಲಿ ಲಾಭದಿಂದ ಆಳ ಶುರುವಾಗುವ ತೈಲಬಾವಿ ನಮ್ಮದೊಂದೇ.

ಇನ್ನೊಂದು ತೊಂದರೆ ಸೀನಿನದು. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯೇ ಖಾರ. ನಮಗೆ ಅದು ಗೊತ್ತಾಗುವುದಿಲ್ಲ, ರಾಣೆಬೆನ್ನೂರಿನ ಮೂಗಿಗೆ ಗೊತ್ತಾಗುತ್ತದೆ. ಮಾಮಾ ಸೀನಿದಾಗಲೆಲ್ಲ ಅಜ್ಜಿ ಅಪಶಕುನ ಎಂದು ಕೆಲಸ ನಿಲ್ಲಿಸುತ್ತಿದ್ದಳು, ಸ್ವಲ್ಪ ಕುಳಿತು ನೀರು ಕುಡಿದೇ ಮುಂದಿನ ಮಾತು. ಗಲ್ಫಿನಲ್ಲೂ ಅಪಾಯ ಕಂಡರೆ ಯಾರು ಬೇಕಾದರೂ ಕೈ ಎತ್ತಿ ಕೆಲಸ ನಿಲ್ಲಿಸಬಹುದಂತೆ. ಆ ಲೆಕ್ಕದಲ್ಲಿ ನಮ್ಮ ಬಾವಿ ಗಲ್ಫಿನದಕ್ಕಿಂತ ಸುರಕ್ಷಿತವಾಗಿತ್ತು, ಏಕೆಂದರೆ ಅಲ್ಲಿ ಕೆಲಸವೇ ನಡೆಯುತ್ತಿರಲಿಲ್ಲ.

ಇನ್ನು ಹಗ್ಗದ ತುದಿಗೆ ಕಟ್ಟಲು ಉದ್ದನೆಯ, ಭಾರವಾದ, ನೆಟ್ಟಗಿನ ಸಾಮಾನು ಬೇಕಿತ್ತು. ಅಂಥದ್ದು ಮನೆಯಲ್ಲಿ ಒಂದೇ ಇತ್ತು. ಅಪ್ಪನ ತಕ್ಕಡಿಯ ದಂಡಿಗೆ. ಅಪ್ಪನದು ಮೆಣಸಿನಕಾಯಿ ಅಡತಿ ಅಂಗಡಿ. ಈಗ ಅಲ್ಲಿ ಕರೆಂಟಿನ ಕಾಟಾ ಬಂದಿದೆ. ಆದರೆ ಅಜ್ಜನ ಕಾಲದ ಕಬ್ಬಿಣದ ದಂಡಿಗೆಯನ್ನು ಅಪ್ಪ ಮನೆಯ ಕೋಣೆಯಲ್ಲಿ ತೂಗುಹಾಕಿ, ದೀಪಾವಳಿಗೆ ಅರಿಷಿಣ ಕುಂಕುಮ ಹಚ್ಚಿ, ಲಕ್ಷ್ಮಿ ಎಂದು ಪೂಜೆ ಮಾಡುತ್ತಾನೆ. ಎರಡು ತುದಿಗೆ ಎರಡು ಬಳೆ, ಸಲೀಸಾಗಿ ಬೋರಿನಲ್ಲಿ ಇಳಿಯುವ ಮೈಕಟ್ಟು. ಲಕ್ಷ್ಮಿ ವರ್ಷವಿಡೀ ಗೋಡೆ ನೋಡಿಕೊಂಡು ಬೇಸತ್ತಿರುತ್ತಾಳೆ, ಸ್ವಲ್ಪ ತಿರುಗಾಡಿ ಬರಲಿ ಎಂದೆ. ಮಾಮಾ ಬೇಡವೇ ಬೇಡ ಎಂದ. ಗೀರು ಬೀಳದಂತೆ ಅದರ ನಡುವಿಗೆ ನನ್ನ ಹಳೇ ಪ್ಯಾಂಟಿನ ಕಾಲು ತೊಡಿಸಿ ತೋರಿಸಿದ ಮೇಲೆ ಒಪ್ಪಿದ. ಅಜ್ಜಿ ಏನದು ಎಂದಾಗ ಹಾರೆ ಎಂದೆ.

ಪರೀಕ್ಷೆಗಳು ಶುರುವಾದವು. ಮೊದಲು ನಾನೇ ಅಪ್ಪನ ಕೋಟು ಹಾಕಿಕೊಂಡು, ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಬಚ್ಚಲಮನೆಯ ಹಿಂದಿನಿಂದ ಗಂಭೀರವಾಗಿ ಬಂದೆ. ಮಾಮಾ ಏಳಲಿಲ್ಲ. ನನ್ನನ್ನು ನೋಡಲೂ ಇಲ್ಲ, ದಿಂಬು ಜಾರಿದೆ ಎಂದ. ನಾನು ಪಾಸು ಎಂದು ಘೋಷಿಸಿದೆ, ಆದರೆ ಮನಸ್ಸಿಗೆ ನೋವಾಯಿತು. ಆಮೇಲೆ ಪಕ್ಕದ ಮನೆಯ ಕಾಕಿ ಬಂದಳು. ಅರ್ಧ ಎದ್ದ, ಮತ್ತೆ ಕುಳಿತ. ಪ್ರಗತಿ. ದಿನಕ್ಕೊಂದು ಪರೀಕ್ಷೆ ಮಾಡುತ್ತ ನಾನು ಪರೀಕ್ಷಕನಿಂದ ಹಿರಿಯ ಪರೀಕ್ಷಕನಾಗಿ, ಅಲ್ಲಿಂದ ಕಂಪನಿಯ ಸಲಹೆಗಾರನಾಗಿ ಬಡ್ತಿ ಪಡೆದೆ. ಇಡೀ ತೈಲ ಉದ್ಯಮದಲ್ಲಿ ನನ್ನಷ್ಟು ಬೇಗ ಮೇಲೆ ಬಂದವರಿಲ್ಲ.

ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ. ಮಾಮನಿಗೆ ರಾಣೆಬೆನ್ನೂರಿನಲ್ಲಿ ನಾಲ್ಕನೇ ಇಯತ್ತೆ ಕಲಿಸಿದ್ದ ಮಾಸ್ತರರು ನಿವೃತ್ತರಾಗಿ ಬ್ಯಾಡಗಿಯಲ್ಲೇ ಮನೆ ಮಾಡಿದ್ದಾರೆ. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅವರು ಹೊಡೆದ ಕೈ ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ ಎಂದು ಮಾಮಾ ಹೇಳುತ್ತಿದ್ದ. ಮಾರುಕಟ್ಟೆಯಲ್ಲಿ ಟೆಂಡರ್ ಇರುವ ದಿನ ಅಪ್ಪ ಕತ್ತಲಾದ ಮೇಲೇ ಮನೆಗೆ ಬರುವುದು. ಅಂಥ ದಿನ ನೋಡಿ, ಶಿಷ್ಯ ನಿಮ್ಮನ್ನು ನೆನೆಸುತ್ತಿದ್ದಾನೆ ಎಂದು ಹೇಳಿ ಮಾಸ್ತರರನ್ನು ಕರೆತಂದೆ.

ಮಾಮಾ ಒಂದು ಕೈಯಿಂದ ಗಾಲಿ ತಿರುವಿ, ಇನ್ನೊಂದನ್ನು ಬ್ರೇಕಿನ ಮೇಲಿಟ್ಟು ದಂಡಿಗೆ ಮೇಲೆ ತರುತ್ತಿದ್ದ. ಅಜ್ಜಿ ಎಣಿಸುತ್ತಿದ್ದಳು. ಮಾಸ್ತರರು ಹಿತ್ತಲ ಬಾಗಿಲಲ್ಲಿ ನಿಂತು ಕೆಮ್ಮಿದರು, ಅಷ್ಟೇ. ಮಾಮಾ ಸ್ಪ್ರಿಂಗಿನಂತೆ ಎದ್ದ. ಕೈ ಮುಗಿದದ್ದಷ್ಟೇ ಅಲ್ಲ, ಕಾಲು ಮುಟ್ಟಲು ನಾಲ್ಕು ಹೆಜ್ಜೆ ಮುಂದೂ ಹೋದ. ಹಿಂದೆ ಗಾಲಿ ಗರಗರ ತಿರುಗಿತು. ಕೆಳಗೆಲ್ಲೋ ದಬ್ ಎಂದಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬಂದು ಗುರುವಿಗೆ ನಮಸ್ಕರಿಸುವ ಶಿಷ್ಯರು ಈಗ ಎಲ್ಲಿದ್ದಾರೆ ಎನ್ನುತ್ತ, ಆಶೀರ್ವಾದ ಮಾಡಿ, ಸಂತೋಷದಿಂದ ಪೇಟೆಯ ಕಡೆ ನಡೆದರು.

ಹಗ್ಗ ಎಳೆದೆವು. ಕೈಬೀಸಿಕೊಂಡು ಬಂದ ಬೀಗರ ಹಾಗೆ ಬರಿದೇ ಮೇಲೆ ಬಂತು. ಗಂಟು ಬಿಚ್ಚಿಹೋಗಿತ್ತು. ಗಂಟು ಕಟ್ಟಿದ್ದು ಯಾರು ಎಂಬುದು ಇಲ್ಲಿ ಮುಖ್ಯವಲ್ಲ.

"ಹಾರೀನ ಅಲ್ಲೇನ ಬಿದ್ದಿದ್ದು? ಹೋಗ್ಲಿ ಬಿಡ," ಎಂದಳು ಅಜ್ಜಿ.

ನಾನು ನಿಜ ಹೇಳಿದೆ. ಅಜ್ಜಿ ಕೈಯಲ್ಲಿನ ಹಗ್ಗ ಕೆಳಗಿಟ್ಟಳು. ಆಮೇಲೆ, ತನ್ನ ಮಗ ನನ್ನನ್ನು ಕೊಂದರೆ ಅಡ್ಡ ಬರುವುದಿಲ್ಲ, ಆದರೆ ತಮ್ಮ ಬೈಸಿಕೊಂಡನೆಂದು ಸೊಸೆ ಅಳುವುದು ನೋಡಲಾಗುವುದಿಲ್ಲ, ಲಗೂ ತೆಗೆಯಿರಿ ಎಂದಳು.

ಮಾಮಾ ಮಣೆಯ ಮೇಲೆ ಕುಸಿದ. ಅಲ್ಲಿಯೂ ಹೀಗೇ ಆಗುತ್ತದೆ, ತಾನು ವರ್ಕ್‌ಶಾಪಿಗೇ ಹೇಳಿ ಮಾಡಿಸಿದವನು ಎಂದ. ನಾನು ಸಲಹೆಗಾರನಾದ್ದರಿಂದ ಸಲಹೆ ಕೊಟ್ಟೆ. ಅಲ್ಲಿ ಬಾವಿಯಲ್ಲಿ ಸಾಮಾನು ಬಿದ್ದರೆ ಏನು ಮಾಡುತ್ತಾರೋ ಅದನ್ನೇ ಮಾಡು ಎಂದೆ. ಅವನು ತಲೆ ಎತ್ತಿ, ಒಂದು ಬಟ್ಟೆ ಸೋಪು ತಾ ಎಂದ.

ಸೋಪಿನಲ್ಲಿ ಕೈ ತೊಳೆದುಕೊಳ್ಳುತ್ತಾನೆ ಎಂದುಕೊಂಡೆ. ಅವನು ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಒಂದು ಪೈಪಿನ ತುದಿಗೆ ಮೆತ್ತಿ, ಹಗ್ಗಕ್ಕೆ ಕಟ್ಟಿ, ಬೋರಿನೊಳಗೆ ಇಳಿಸಿದ. ಗಂಟು ಈ ಸಲ ತಾನೇ ಕಟ್ಟಿದ. ಕೆಳಗೆ ಮುಟ್ಟಿದ್ದೇ ಸ್ವಲ್ಪ ಎತ್ತಿ ಕುಕ್ಕಿದ, ಮತ್ತೆ ಮೇಲೆ ತಂದ. ಸೋಪಿನ ಒಂದು ಅಂಚಿಗೆ ಅರ್ಧಚಂದ್ರದ ಗುರುತು ಬಿದ್ದಿತ್ತು. ತೈಲಬಾವಿಯಲ್ಲಿ ಇದನ್ನೇ ಸೀಸದ ಗಟ್ಟಿಯಿಂದ ಮಾಡುತ್ತಾರಂತೆ. ಮೇಲೆ ಬಂದ ಗುರುತು ನೋಡಿ, ಕೆಳಗೆ ಬಿದ್ದದ್ದು ಹೇಗೆ ನಿಂತಿದೆ ಎಂದು ಆಪರೇಟರ್ ಹೇಳಬೇಕು. ಮಾಮಾ ಸೋಪನ್ನು ತಿರುಗಿಸಿ ತಿರುಗಿಸಿ ನೋಡಿದ. ದಂಡಿಗೆ ಗೋಡೆಗೆ ಒರಗಿ ನಿಂತಿದೆ, ಬಳೆ ಮೇಲಿದೆ ಎಂದ.

ಇನ್ನು ಕೊಕ್ಕೆ ಬೇಕು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಪಕ್ಕದ ಮನೆಯ ಕಾಕಿಯ ಹತ್ತಿರವಿದೆ. ಕೊಕ್ಕೆಗಳ ಗೊಂಚಲು ಅದು. ಆದರೆ ಅದನ್ನು ಕೊಡುವಾಗ ಒಂದು ಪಾತ್ರೆ ಒತ್ತೆ ಇಟ್ಟುಕೊಳ್ಳುವುದು ಕಾಕಿಯ ನಿಯಮ, ಇಲ್ಲದಿದ್ದರೆ ಜನ ತಿರುಗಿಸಿ ತಂದುಕೊಡುವುದಿಲ್ಲ. ನಮ್ಮ ಪಾತ್ರೆಗಳೆಲ್ಲ ಅವ್ವನ ಕಾವಲಿನಲ್ಲಿದ್ದವು. ಮಾಮಾ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ತಂದಿದ್ದ ಹಸಿರು ಹೆಲ್ಮೆಟ್ ಕೊಟ್ಟು ಬಂದೆ. ಕಾಕಿ ಅದನ್ನು ಬೋರಲು ಮಾಡಿ ತಟ್ಟಿ, ಗಟ್ಟಿಯಿದೆ ಎಂದು ಒಪ್ಪಿಕೊಂಡಳು. ನಾನು ಬೇಲಿ ದಾಟುವಷ್ಟರಲ್ಲಿ ಅದರ ತುಂಬ ಮೆಣಸಿನಕಾಯಿ ತುಂಬಿದ್ದಳು.

ಇಡೀ ಗರಡಿ ಬೋರಿನಲ್ಲಿ ಹಿಡಿಸುವುದಿಲ್ಲ. ಮಾಮಾ ಅದರ ಒಂದು ಕೊಕ್ಕೆ ಬಿಡಿಸಿ, ಸುತ್ತಿಗೆಯಿಂದ ಬಾಗಿಸಿ, ಗೋಡೆ ಸವರಿಕೊಂಡು ಇಳಿಯುವಂತೆ ಮಾಡಿದ. ಇಳಿಸಿದ. ಎತ್ತಿದ. ಏನೂ ಇಲ್ಲ. ಮತ್ತೆ ಇಳಿಸಿ, ಹಗ್ಗವನ್ನು ಸ್ವಲ್ಪ ತಿರುವಿದ. ಎಷ್ಟು ಸಲ ಎಂದು ಎಣಿಸಲಿಲ್ಲ. ನಡುವೆ ಸೀನು ಬಂದಾಗ ಅಜ್ಜಿ ನಿಲ್ಲಿಸು ಎಂದಳು. ಅವನು ಕೇಳಿಸಿಕೊಳ್ಳಲೇ ಇಲ್ಲ. ಅವನ ಬೆನ್ನು ಬೇರೆಯವರದ್ದೇನೋ ಎನ್ನುವ ಹಾಗೆ ನೆಟ್ಟಗಿತ್ತು. ನಾನು ಒಂದು ಜೋಕು ಹೇಳಿದೆ, ನಗಲಿಲ್ಲ. ಎರಡನೆಯದನ್ನು ಹೇಳಲಿಲ್ಲ. ನನ್ನ ಜೀವನದಲ್ಲಿ ಅಂಥದ್ದು ಅದೇ ಮೊದಲು.

ಆಗ ಸ್ಪ್ರಿಂಗ್ ಕಾಟಾದ ಮುಳ್ಳು ಇಳಿಯಿತು.

"ಬಂತು," ಎಂದ ಮಾಮಾ ಮೆಲ್ಲಗೆ. "ಗಾಲಿ ತಿರುವಲೇ. ಸಾವಕಾಶ."

ನಾನು ಗಾಲಿ ತಿರುವಿದೆ. ಅವನು ಬ್ರೇಕಿನ ಮೇಲೆ ಕೈಯಿಟ್ಟು ಮುಳ್ಳು ನೋಡುತ್ತಿದ್ದ. ಅಜ್ಜಿ ಗಂಟು ಮುಟ್ಟಿ ಹಿಂದಿನಿಂದ ಎಣಿಸತೊಡಗಿದಳು. ಕೊಕ್ಕೆಯ ತುದಿಯಲ್ಲಿ ಬರೀ ಬಳೆ ಸಿಕ್ಕಿದೆ, ಒಂದು ಜರ್ಕು ಹೊಡೆದರೆ ಲಕ್ಷ್ಮಿ ಮತ್ತೆ ಪಾತಾಳಕ್ಕೆ. ಎಂಟು ಎಂದಳು ಅಜ್ಜಿ. ಹಿತ್ತಲ ಬಾಗಿಲು ಕಿರ್ ಎಂದಿತು.

ಅಪ್ಪ.

ಟೆಂಡರ್ ಬಿಟ್ಟು ಅವನು ಮನೆಗೆ ಬಂದದ್ದು ಯಾಕೆ ಎಂದು ನನಗೆ ಆಮೇಲೆ ತಿಳಿಯಿತು. ಮಾಸ್ತರರು ನೇರ ಅಪ್ಪನ ಅಂಗಡಿಗೇ ಹೋಗಿ, ನಿಮ್ಮ ಹೆಂಡತಿಯ ತಮ್ಮನಂಥ ವಿನಯವಂತ ಇನ್ನೊಬ್ಬನಿಲ್ಲ, ನನ್ನನ್ನು ಕಂಡದ್ದೇ ಏನೋ ಭಾರದ ಸಾಮಾನನ್ನು ಬೋರಿನೊಳಗೆ ಬಿಟ್ಟು ಓಡಿ ಬಂದ ಎಂದು ನಾಲ್ಕು ಜನರ ಮುಂದೆ ಹೊಗಳಿದ್ದರು. ನಾಲ್ಕು ಜನ ಹೊಗಳಿಕೆ ಕೇಳಿಸಿಕೊಂಡರು. ಅಪ್ಪ ಸಾಮಾನು ಎಂಬುದನ್ನು ಮಾತ್ರ ಕೇಳಿಸಿಕೊಂಡ.

ಒಂದು ಮಾತು ಹೇಳಬೇಕು. ಮಾಮಾ ನಮ್ಮಪ್ಪನ ಮುಂದೆ ಅಂದಿನವರೆಗೂ ಕುಳಿತವನಲ್ಲ. ಅಕ್ಕನ ಗಂಡ ಎಂದರೆ ಅವನ ಪಾಲಿಗೆ ಜಿಲ್ಲಾಧಿಕಾರಿ. ಊಟಕ್ಕೆ ಕುಳಿತಿದ್ದರೂ ಅಪ್ಪ ಬಂದರೆ ರೊಟ್ಟಿ ಹಿಡಿದುಕೊಂಡೇ ಏಳುತ್ತಾನೆ. ಮಾಸ್ತರರು ಬ್ರಹ್ಮಾಸ್ತ್ರ ಎಂದು ನಾನು ತಿಳಿದದ್ದು ತಪ್ಪು. ಬ್ರಹ್ಮನೇ ಈಗ ಬಾಗಿಲಲ್ಲಿ ನಿಂತಿದ್ದ.

ಮಾಮನ ಕಾಲು ನೋಡಿದೆ. ಹಿಮ್ಮಡಿ ಎದ್ದಿತು. ಎಡಗೈ ಎದೆಯ ತನಕ ಬಂದು, ಜೋಡಿ ಹುಡುಕಿತು. ಬಲಗೈ ಬ್ರೇಕಿನ ಮೇಲಿತ್ತು.

"ಮಾಸ್ತರಗ ಎದ್ದ ನಿಂತಿದ್ಯಂತ," ಎಂದ ಅಪ್ಪ. "ನಾ ಏನ ಮನಷ್ಯಾ ಕಾಣಂಗಿಲ್ಲೇನ?"

ಮಾಮಾ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. "ಶರಣ್ರಿ ಭಾವಾರ. ಈಗ ಏಳಾಕ ಬರಂಗಿಲ್ರಿ. ಕೈಯಾಗ ಲೋಡ್ ಐತಿ."

ಮದುವೆಯಾದಾಗಿನಿಂದ ಹೆಂಡತಿಯ ಕಡೆಯವರು ಯಾರೂ ಅಪ್ಪನಿಗೆ ಕುಳಿತುಕೊಂಡು ಉತ್ತರ ಕೊಟ್ಟಿರಲಿಲ್ಲ. ನಾನು ಗಾಲಿ ಬಿಟ್ಟು ಓಡುವ ಯೋಚನೆ ಮಾಡಿದೆ. ನಿಂತಲ್ಲೇ ನಿಲ್ಲು, ತಿರುವು ಎಂದ ಮಾಮಾ. ಸಲಹೆಗಾರನಿಗೆ ಹಾಗೆ ಹೇಳಬಾರದು, ಆದರೂ ತಿರುವಿದೆ. ಅಜ್ಜಿ ಮಗನ ಕಡೆ ತಿರುಗಿಯೂ ನೋಡದೆ ಎಣಿಸುತ್ತಲೇ ಇದ್ದಳು.

"ಮೂರು," ಎಂದಳು. "ಎರಡು." ಆಮೇಲೆ, "ಲಾಭ."

ನನ್ನ ಹಳೇ ಪ್ಯಾಂಟು ತೊಟ್ಟುಕೊಂಡು, ಮೈತುಂಬ ಧೂಳು ಮೆತ್ತಿಕೊಂಡು, ಲಕ್ಷ್ಮಿ ಬೋರಿನಿಂದ ಹೊರಗೆ ಬಂದಳು. ಅಪ್ಪ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ಪ್ಯಾಂಟಿನ ಗುರುತು ಮೊದಲು ಸಿಕ್ಕಿತು. ನನ್ನ ಕಡೆ ನೋಡಿದ.

ಮಾಮಾ ಗಾಲಿಗೆ ಗೂಟ ಸಿಕ್ಕಿಸಿದ. ಅಲುಗಾಡಿಸಿ ನೋಡಿದ. ಅದು ಅಲುಗಾಡದಿದ್ದ ಮೇಲೆ ಬ್ರೇಕಿನಿಂದ ಕೈ ತೆಗೆದು, ಎದ್ದು ನಿಂತು, ಎರಡೂ ಕೈ ಜೋಡಿಸಿ ಅಪ್ಪನಿಗೆ ನಮಸ್ಕಾರ ಮಾಡಿದ.

ಅಪ್ಪ ದಂಡಿಗೆಯನ್ನು ಬಿಡಿಸಿಕೊಂಡು ಕಣ್ಣಿಗೊತ್ತಿಕೊಂಡ. ಪ್ಯಾಂಟು ಕಳಚಿ ನನ್ನ ಮುಖಕ್ಕೆ ಎಸೆದ.

"ಮೊದಲ ಬೋರಿನ ಬಾಯಿ ಮುಚ್ಚ್ರಿ," ಎಂದ. "ಆಮ್ಯಾಲ ಇವನ ಬಾಯಿ."